ಹಸುವಿನ ಹಾಲಿನಲ್ಲಿ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ: ಕಾಯಿಸಿದರೆ ಸಾಕಾ?

ಪುಟ್ಟಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ಹಸುವಿನ ಹಾಲಿನಲ್ಲಿ ಆ್ಯಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಸಿಗುತ್ತಿವೆ ಅಂತ ಓದಿದೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ದಿನಾ ಹಾಲು ಕುಡಿಯುತ್ತದೆ. ಇದನ್ನು ಓದಿದ ಮೇಲೆ ಲೋಟ ಕೊಡುವಾಗೆಲ್ಲ ಮನಸ್ಸು ಹಿಂಜರಿಯುತ್ತದೆ. ಮದ್ದಿಗೇ ಸಾಯದ ಬ್ಯಾಕ್ಟೀರಿಯಾ ಕಾಯಿಸಿದರೆ ಸಾಯುತ್ತದಾ? ಹಾಲಿನಲ್ಲಿ ಆ್ಯಂಟಿಬಯಾಟಿಕ್ಕೇ ಇರುತ್ತದೆ ಅಂತಲೂ ಹೇಳುತ್ತಾರೆ. ಅದೂ ಇದೂ ಒಂದೇನಾ? ತಿಳಿದವರು ದಯವಿಟ್ಟು ಹೇಳಿ. ಹೆದರಿಸುವ ವಿಡಿಯೋಗಳನ್ನು ನೋಡಿ ನೋಡಿ ಸಾಕಾಗಿದೆ.

ಪೆಟ್ರಿತಟ್ಟೆ

ಸಾಯುತ್ತದೆ ಮೇಡಂ. ಇದರಲ್ಲಿ ಅನುಮಾನ ಬೇಡ.

ಮದ್ದಿಗೆ ಜಗ್ಗದಿರುವುದು ಬೇರೆ, ಬಿಸಿಗೆ ಜಗ್ಗದಿರುವುದು ಬೇರೆ. ಪೆನಿಸಿಲಿನ್‌ನಿಂದ ತಪ್ಪಿಸಿಕೊಳ್ಳುವ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಆ ಮದ್ದನ್ನು ತುಂಡರಿಸುವ ಒಂದು ಕಿಣ್ವ ತಯಾರಿಸುತ್ತದೆ. ಇಲ್ಲವೇ ಮದ್ದು ಬಂದು ಅಂಟಿಕೊಳ್ಳುವ ಜಾಗವನ್ನೇ ಬದಲಾಯಿಸಿಕೊಳ್ಳುತ್ತದೆ. ಇನ್ನು ಕೆಲವು ಒಳಗೆ ಬಂದ ಮದ್ದನ್ನು ಪಂಪಿನ ಹಾಗೆ ಹೊರಗೆ ತಳ್ಳುತ್ತವೆ. ಈ ಯಾವ ಉಪಾಯವೂ ಬಿಸಿಯ ಮುಂದೆ ನಡೆಯುವುದಿಲ್ಲ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಅಥವಾ 63 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಾರೆ. ಸ್ಟ್ಯಾಫಿಲೋಕಾಕಸ್, ಇ. ಕೋಲೈ, ಸಾಲ್ಮೊನೆಲ್ಲಾ ಎಲ್ಲವೂ ಅಷ್ಟರಲ್ಲೇ ಸಾಯುತ್ತವೆ, ಮದ್ದಿಗೆ ಜಗ್ಗುವ ತಳಿಯಾದರೂ ಸರಿ, ಜಗ್ಗದ ತಳಿಯಾದರೂ ಸರಿ. ನೀವು ಕುದಿಸುತ್ತೀರಿ ಅಂದರೆ ಅದಕ್ಕಿಂತ ಜಾಸ್ತಿಯೇ ಆಯಿತು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸ್ಟ್ಯಾಫಿಲೋಕಾಕಸ್ ಆರಿಯಸ್ ಇರುವ ಹಾಲನ್ನು ಕಾಯಿಸದೆ ಗಂಟೆಗಟ್ಟಲೆ ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಅದು ಹೆಚ್ಚಿ ವಿಷ ಬಿಡಬಹುದು. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆ ವಿಷ ಉಳಿದುಬಿಡುತ್ತದೆ. ವಾಂತಿ, ಹೊಟ್ಟೆನೋವು ಬರುವುದು ಅದರಿಂದ. ಹಾಗಾಗಿ ಹಾಲು ಬಂದ ಕೂಡಲೇ ತಣ್ಣಗಿಡಿ ಅಥವಾ ಕಾಯಿಸಿ. ಕಾಯಿಸಿದ ಹಾಲಿಗೆ ತೊಳೆಯದ ಸೌಟು ಹಾಕಬೇಡಿ.

ಪೆಟ್ರಿತಟ್ಟೆ

ಎರಡನೇ ಪ್ರಶ್ನೆ ಬಿಟ್ಟುಹೋಯಿತು. ಅದೂ ಇದೂ ಒಂದೇ ಅಲ್ಲ. ಹಾಲಿನಲ್ಲಿ ಉಳಿದ ಮದ್ದು ಅಂದರೆ ಹಸುವಿಗೆ ಕೊಟ್ಟ ಆ್ಯಂಟಿಬಯಾಟಿಕ್ಕಿನ ಅಂಶ. ಅದಕ್ಕೆ ಜೀವ ಇಲ್ಲ, ಒಂದು ರಾಸಾಯನಿಕ ಅಷ್ಟೇ. ಕಾಯಿಸಿದರೆ ಬಹುಪಾಲು ಹಾಗೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಜೀವಿ, ಬಿಸಿಗೆ ಸಾಯುತ್ತದೆ. ಒಂದಕ್ಕೆ ಒಲೆ ಪರಿಹಾರ, ಇನ್ನೊಂದಕ್ಕೆ ಅಲ್ಲ. ಸುದ್ದಿಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ನೇರಮಾತು

ಹಾಗಾದರೆ ಕಾಯಿಸಿ ಕುಡಿಯುವವರಿಗೆ ಏನೂ ತೊಂದರೆ ಇಲ್ಲ ಅಂದ ಹಾಗಾಯಿತು. ಮತ್ತೆ ಇಷ್ಟು ಗಲಾಟೆ ಯಾಕೆ?

ಗೋವೈದ್ಯೆ

ಲೋಟದ ಮಟ್ಟಿಗೆ ನೀವು ಹೇಳಿದ್ದು ಹೆಚ್ಚುಕಡಿಮೆ ಸರಿ. ಆದರೆ ಗಲಾಟೆ ಇರುವುದು ಲೋಟದಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹಸುಗಳಿಗೆ ಚಿಕಿತ್ಸೆ ಕೊಡುತ್ತಿರುವವಳಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾಲು ಕೊಡುವ ಹಸುಗಳಿಗೆ ಆ್ಯಂಟಿಬಯಾಟಿಕ್ ಅತಿ ಹೆಚ್ಚಾಗಿ ಹೋಗುವುದು ಕೆಚ್ಚಲು ಬಾವಿಗೆ. ಮೊಲೆತೊಟ್ಟಿನ ರಂಧ್ರದಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಕೆಚ್ಚಲು ಊದುತ್ತದೆ, ಹಾಲು ಒಡೆದಂತಾಗುತ್ತದೆ. ತಕ್ಷಣ ಮೊಲೆಯೊಳಗೆ ಆ್ಯಂಟಿಬಯಾಟಿಕ್ ಟ್ಯೂಬ್ ಹಾಕುತ್ತಾರೆ. ಟ್ಯೂಬ್ ಹಾಕಿದಾಗೆಲ್ಲ ಜಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಜಗ್ಗದವು ಉಳಿದು ಹೆಚ್ಚುತ್ತವೆ. ಇಂಜೆಕ್ಷನ್ ಆದರಂತೂ ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಅದೇ ಒತ್ತಡ. ಟೆಟ್ರಾಸೈಕ್ಲಿನ್‌ನಂಥ ಮದ್ದಿನ ದೊಡ್ಡ ಪಾಲು ಸಗಣಿ, ಗಂಜಲದಲ್ಲಿ ಹೊರಬಂದು ಗೊಬ್ಬರದ ಜೊತೆ ಮಣ್ಣು ಸೇರುತ್ತದೆ.

ಇನ್ನೊಂದು ಮಾತು. ಈ ಗುಣ ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲಿ ಉಳಿಯುವುದಿಲ್ಲ. ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹಸುವಿನ ಕರುಳಿನ ಇ. ಕೋಲೈ ಹತ್ತಿರ ಇರುವ ವಂಶವಾಹಿ ನಾಳೆ ಮನುಷ್ಯನಿಗೆ ಕಾಯಿಲೆ ತರುವ ಬೇರೊಂದು ಬ್ಯಾಕ್ಟೀರಿಯಾಗೆ ಸಿಗಬಹುದು. ಹಾಲು ಕರೆಯುವವರ ಕೈ, ಮೂಗು, ಬಟ್ಟೆ, ಕೊಟ್ಟಿಗೆ ತೊಳೆದ ನೀರು ಎಲ್ಲವೂ ದಾರಿಗಳೇ. ಎಂಆರ್‌ಎಸ್‌ಎ ಅಂದರೆ ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್. ಅದರ ಸಿಸಿ398 ಎಂಬ ತಳಿ ನೆದರ್ಲೆಂಡ್ಸ್‌ನಲ್ಲಿ ಮೊದಲು ಹಂದಿ ಸಾಕುವವರಲ್ಲಿ ಕಂಡಿತು, ಆಮೇಲೆ ಕರುಗಳಲ್ಲೂ ಹಾಲಿನ ಹಸುಗಳಲ್ಲೂ ಸಿಕ್ಕಿತು. ಅವರಿಗೆ ಅದು ಬಂದದ್ದು ಹಾಲು ಕುಡಿದು ಅಲ್ಲ, ದಿನವಿಡೀ ಪ್ರಾಣಿಗಳ ಜೊತೆ ಇದ್ದದ್ದರಿಂದ.

ವಿದ್ಯಾರ್ಥಿ

ಡಾಕ್ಟ್ರೇ, ಎಂಆರ್‌ಎಸ್‌ಎ ಆಸ್ಪತ್ರೆಯ ಕಾಯಿಲೆ ಅಂತ ಓದಿದ್ದೆ. ಹಾಲಿನಲ್ಲೂ ಇರುತ್ತದಾ?

ಪೆಟ್ರಿತಟ್ಟೆ

ಇರುತ್ತದೆ. ಇದರಲ್ಲಿ ಒಂದು ಸ್ವಾರಸ್ಯದ ಕಥೆಯಿದೆ. ಇಂಗ್ಲೆಂಡಿನಲ್ಲಿ ಕೆಚ್ಚಲು ಬಾವಿನ ಅಧ್ಯಯನಕ್ಕೆ ತಂದ ಹಾಲಿನ ಮಾದರಿಗಳಲ್ಲಿ ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ಸಿಕ್ಕಿತು. ಆದರೆ ಮಾಮೂಲಿ ಪರೀಕ್ಷೆಯಲ್ಲಿ ಹುಡುಕುವ ಮೆಕ್‌ಎ ವಂಶವಾಹಿ ಅದರಲ್ಲಿ ಇರಲಿಲ್ಲ. ಜೀನೋಮ್ ಪೂರ್ತಿ ಓದಿ ನೋಡಿದಾಗ ಅದರ ದೂರದ ನೆಂಟನಂಥ ಹೊಸದೊಂದು ಸಿಕ್ಕಿತು. ಅದನ್ನೀಗ ಮೆಕ್‌ಸಿ ಎನ್ನುತ್ತಾರೆ. 2011ರಲ್ಲಿ ಪ್ರಕಟವಾದ ಕೆಲಸ ಇದು. ಮನುಷ್ಯರ ಮಾದರಿಗಳಲ್ಲೂ ಅದೇ ಸಿಕ್ಕಿತು.

2022ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಈ ಮೆಕ್‌ಸಿ ಹುಟ್ಟಿದ್ದು ಹಸುವಿನಲ್ಲಿ ಅಲ್ಲ, ಹೆಡ್ಜ್‌ಹಾಗ್ ಎಂಬ ಮುಳ್ಳು ಮೈಯ ಪ್ರಾಣಿಯಲ್ಲಿ. ಅದರ ಚರ್ಮದ ಮೇಲಿರುವ ಒಂದು ಬೂಷ್ಟು ಪೆನಿಸಿಲಿನ್‌ನಂಥ ವಸ್ತುವನ್ನು ತಾನೇ ತಯಾರಿಸುತ್ತದೆ. ಅದರ ಜೊತೆ ಬದುಕಬೇಕಾದ ಸ್ಟ್ಯಾಫಿಲೋಕಾಕಸ್, ಮನುಷ್ಯ ಆ್ಯಂಟಿಬಯಾಟಿಕ್ ಬಳಸುವ ಎಷ್ಟೋ ಮೊದಲೇ, 1800ರ ಸುಮಾರಿಗೇ ಈ ಗುಣ ಪಡೆದಿತ್ತು.

ನೇರಮಾತು

ನೋಡಿ, ಇದನ್ನೇ ನಾನು ಹೇಳುವುದು. ಪ್ರಕೃತಿಯಲ್ಲೇ ಇದೆ ಅಂದಮೇಲೆ ರೈತರನ್ನು ಯಾಕೆ ದೂರಬೇಕು?

ಪೆಟ್ರಿತಟ್ಟೆ

ಇಲ್ಲಿ ಯಾರೂ ರೈತರನ್ನು ದೂರುತ್ತಿಲ್ಲ. ಆದರೆ ಆ ವಾದ ಒಪ್ಪುವುದಕ್ಕೆ ಆಗುವುದಿಲ್ಲ ಸರ್. ಹುಟ್ಟುವುದು ಬೇರೆ, ಹರಡುವುದು ಬೇರೆ. ವಂಶವಾಹಿ ಎಲ್ಲಿಂದಲೋ ಬಂದಿರಬಹುದು, ಅದಕ್ಕೆ ಜಾಗ ಬಿಡಿಸಿಕೊಡುವುದು ನಾವು ಬಳಸುವ ಮದ್ದು. 2019ರಲ್ಲಿ ಇಡೀ ಜಗತ್ತಿನಲ್ಲಿ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಅದರ ದೊಡ್ಡ ಹೊಣೆ ಮನುಷ್ಯರಿಗೇ ಬೇಕಾಬಿಟ್ಟಿ ಕೊಡುವ ಆ್ಯಂಟಿಬಯಾಟಿಕ್ಕಿನದು. ಹಾಗಂತ ಕೊಟ್ಟಿಗೆಯ ಪಾಲನ್ನು ಬಿಟ್ಟುಬಿಡಬಹುದು ಅಂತ ಅರ್ಥವಲ್ಲ.

ಕೊಟ್ಟಿಗೆ ಗೆಳೆಯ

ಎಲ್ಲ ಓದುತ್ತಾ ಬಂದೆ. ನಾನು ಹಸು ಸಾಕುವವನು. ನನ್ನ ಕಷ್ಟ ಕೇಳಿ. ಒಂದು ಹಸುವಿನ ಹಿಂದಿನ ಎಡಗಡೆ ಮೊಲೆಗೆ ಪದೇ ಪದೇ ಬಾವು ಬರುತ್ತಿದೆ. ಟ್ಯೂಬ್ ಹಾಕಿದರೆ ಹಾಲು ತಿಳಿಯಾಗುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಗರಣೆ. ಹೋದ ಸಲ ಬೇರೆ ಕಂಪನಿಯ ಟ್ಯೂಬ್ ಹಾಕಿದೆ, ಅದೂ ಅಷ್ಟೇ. ಇದು ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾನೇ ಇರಬೇಕು ಅಲ್ವಾ ಡಾಕ್ಟ್ರೇ? ಇನ್ನೂ ಸ್ಟ್ರಾಂಗ್ ಮದ್ದು ಯಾವುದಿದೆ?

ಗೋವೈದ್ಯೆ

ಸ್ಟ್ರಾಂಗ್ ಮದ್ದಿನ ಹೆಸರು ಇಲ್ಲಿ ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದೆ ಮದ್ದು ಬದಲಾಯಿಸುತ್ತಾ ಹೋಗುವುದೇ ಈ ಸಮಸ್ಯೆಯ ಬೇರು. ಆದರೆ ನೀವು ಹೇಳಿದ ಲಕ್ಷಣ ನನಗೆ ಚೆನ್ನಾಗಿ ಗೊತ್ತು.

ಹೀಗೆ ಮರುಕಳಿಸುವುದು ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಸ್ವಭಾವ. ಅದು ಕೆಚ್ಚಲಿನ ಒಳಗೆ ಸಣ್ಣ ಸಣ್ಣ ಕೀವಿನ ಗಂಟು ಮಾಡಿಕೊಂಡು ಕೂರುತ್ತದೆ. ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಕೆಲವು ಜೀವಕೋಶದ ಒಳಗೇ ಅಡಗುತ್ತವೆ. ಅಲ್ಲಿಗೆ ಮದ್ದು ಸರಿಯಾಗಿ ತಲುಪುವುದಿಲ್ಲ. ಅಂದರೆ ಲ್ಯಾಬಿನ ತಟ್ಟೆಯಲ್ಲಿ ಪೆನಿಸಿಲಿನ್‌ಗೆ ಸಾಯುವ ಬ್ಯಾಕ್ಟೀರಿಯಾ ಕೂಡ ಕೆಚ್ಚಲಿನಲ್ಲಿ ಬದುಕಿ ಉಳಿಯಬಹುದು. ಟ್ಯೂಬ್ ಕೆಲಸ ಮಾಡಲಿಲ್ಲ ಅಂದಮಾತ್ರಕ್ಕೆ ಅದು ಮದ್ದಿಗೆ ಜಗ್ಗದ ತಳಿ ಅಂತ ಹೇಳುವುದಕ್ಕೆ ಬರುವುದಿಲ್ಲ. ವಯಸ್ಸಾದ ಹಸು, ಒಂದಕ್ಕಿಂತ ಹೆಚ್ಚು ಮೊಲೆಗೆ ಸೋಂಕು, ತುಂಬಾ ದಿನದ ಬಾವು, ಇಂಥ ಕಡೆ ಗುಣವಾಗುವ ಸಾಧ್ಯತೆ ಮೊದಲೇ ಕಡಿಮೆ. ಅದರ ಜೊತೆ ತಳಿಯೂ ಪೆನಿಸಿಲಿನ್‌ಗೆ ಜಗ್ಗದ್ದಾದರೆ ಇನ್ನೂ ಕಡಿಮೆ. ಆಗ ಎಷ್ಟು ಟ್ಯೂಬ್ ಸುರಿದರೂ ಲಾಭ ಇಲ್ಲ. ಆ ಮೊಲೆಯನ್ನು ಬತ್ತಿಸುವುದೋ, ಆ ಹಸುವನ್ನು ಕೊನೆಗೆ ಕರೆಯುವುದೋ ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು.

ಸ್ಟ್ರೆಪ್ಟೋಕಾಕಸ್ ಅಗಲ್ಯಾಕ್ಟಿಯೇ ಆದರೆ ಕಥೆ ಬೇರೆ. ಇವತ್ತಿಗೂ ಅದು ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಚೆನ್ನಾಗಿ ಜಗ್ಗುತ್ತದೆ. ಇ. ಕೋಲೈ ಆದರೆ ಮತ್ತೊಂದು ಕಥೆ. ಸಗಣಿ, ಒದ್ದೆ ನೆಲದಿಂದ ಬರುವಂಥದ್ದು ಅದು. ಬಾವು ಸಣ್ಣದಾಗಿದ್ದರೆ ಹಸುವಿನ ಮೈಯೇ ಕೆಲವು ದಿನದಲ್ಲಿ ಅದನ್ನು ಗೆದ್ದುಬಿಡುತ್ತದೆ, ಟ್ಯೂಬಿನಿಂದ ಹೆಚ್ಚೇನೂ ಆಗಬೇಕಾಗಿಲ್ಲ. ಕೆಚ್ಚಲು ನೋಡಿದರೆ ಮೂರೂ ಒಂದೇ ಥರ ಕಾಣಬಹುದು. ಅದಕ್ಕೇ ಮಾದರಿ ಕಳಿಸಿ ಅಂತ ಬೇಡಿಕೊಳ್ಳುವುದು. ಹಸು ಮೇಯುತ್ತಿದೆ, ಜ್ವರ ಇಲ್ಲ, ಹಾಲಿನಲ್ಲಿ ಗರಣೆ ಮಾತ್ರ ಇದೆ ಅಂದರೆ ವರದಿಗೆ ಒಂದು ದಿನ ಕಾದರೆ ನಷ್ಟ ಇಲ್ಲ. ಅಷ್ಟರಲ್ಲಿ ನೋವು, ಊತ ಇಳಿಸುವ ಮದ್ದನ್ನು ವೈದ್ಯರು ಕೊಡಬಹುದು.

ಹಸಿಹಾಲು ಪ್ರಿಯ

ಇದೆಲ್ಲ ಆ್ಯಂಟಿಬಯಾಟಿಕ್ ಬಳಸುವುದರಿಂದ ತಾನೇ? ಹಸುಗಳಿಗೆ ಆ್ಯಂಟಿಬಯಾಟಿಕ್ ಪೂರ್ತಿ ನಿಲ್ಲಿಸಬೇಕು. ಹಸಿ ಹಾಲಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಅವೇ ಕೆಟ್ಟವನ್ನು ತಡೆಯುತ್ತವೆ. ಕಾಯಿಸಿ ಎಲ್ಲವನ್ನೂ ಕೊಲ್ಲುವುದು ಯಾಕೆ?

ಗೋವೈದ್ಯೆ

ಪೂರ್ತಿ ನಿಲ್ಲಿಸುವ ಮಾತಿಗೆ ಮೊದಲು ಉತ್ತರಿಸುತ್ತೇನೆ, ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ತೀವ್ರ ಕೆಚ್ಚಲು ಬಾವು ಬಂದ ಹಸುವನ್ನು ನೀವು ನೋಡಿದ್ದೀರಾ? ಬೆಳಿಗ್ಗೆ ಮೇವು ಬಿಡುತ್ತದೆ. ಕಿವಿ ತಣ್ಣಗಾಗುತ್ತದೆ, ಕಣ್ಣು ಒಳಗೆ ಹೋಗುತ್ತದೆ. ಹಾಲಿನ ಬದಲು ತೆಳು ಹಳದಿ ನೀರು ಬರುತ್ತದೆ. ಸಂಜೆ ಹೊತ್ತಿಗೆ ಮಲಗಿದರೆ ಏಳುವುದಿಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೂ ಇಳಿದಿರುತ್ತದೆ. ಆಗ ಡ್ರಿಪ್, ನೋವಿನ ಮದ್ದಿನ ಜೊತೆ ಆ್ಯಂಟಿಬಯಾಟಿಕ್ ಕೊಡದೆ ಕೈಕಟ್ಟಿ ನಿಲ್ಲುವುದು ಕ್ರೌರ್ಯ. ಆ ಹೊತ್ತಿಗೆ ಮದ್ದು ಕೆಲಸ ಮಾಡಬೇಕು ಅಂತಲೇ ಉಳಿದ ಕಡೆ ಅದನ್ನು ಉಳಿಸಿಕೊಳ್ಳಿ ಅನ್ನುತ್ತಿರುವುದು.

ಪೆಟ್ರಿತಟ್ಟೆ

ಹಸಿ ಹಾಲಿನ ಮಾತಿಗೆ ನಾನು ಉತ್ತರಿಸುತ್ತೇನೆ. 2020ರಲ್ಲಿ ಅಮೆರಿಕದ ಐದು ರಾಜ್ಯಗಳಲ್ಲಿ ಮಾರುವ ಹಾಲನ್ನು ಪರೀಕ್ಷಿಸಿದ ಅಧ್ಯಯನ ಬಂತು. ಹಸಿ ಹಾಲನ್ನು ಹೊರಗೆ, ಕೋಣೆಯ ಉಷ್ಣಾಂಶದಲ್ಲಿ ಬಿಟ್ಟಾಗ ಅದರಲ್ಲಿ ಮದ್ದಿಗೆ ಜಗ್ಗದ ವಂಶವಾಹಿಗಳಿರುವ ಬ್ಯಾಕ್ಟೀರಿಯಾ ಚೆನ್ನಾಗಿ ಹೆಚ್ಚಿದವು. ನೀವು ಹೇಳುವ ಒಳ್ಳೆಯ ಬ್ಯಾಕ್ಟೀರಿಯಾ, ಅಂದರೆ ಲ್ಯಾಕ್ಟಿಕ್ ಆಮ್ಲದವು, ಹಸಿ ಹಾಲಿನಲ್ಲಿ ಅಷ್ಟೇನೂ ಇರಲಿಲ್ಲ. ನಿಮ್ಮ ನಂಬಿಕೆಯನ್ನು ಹೀಗಳೆಯುತ್ತಿಲ್ಲ. ಆದರೆ ಈ ಚರ್ಚೆ ಶುರು ಮಾಡಿದವರ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಹಸಿ ಹಾಲು ಕೊಡಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಹಾಲಿನಿಂದ ನೇರವಾಗಿ ಹೊಟ್ಟೆಗೆ ಜೀವಂತ ಹೋಗುವ ದೊಡ್ಡ ದಾರಿ ಅದೊಂದೇ.

ಪುಟ್ಟಿಯ ಅಮ್ಮ

ತುಂಬಾ ಧನ್ಯವಾದ ಸರ್, ಮೇಡಂ. ನಾನು ಕುದಿಸಿಯೇ ಕೊಡುವುದು, ಸಮಾಧಾನ ಆಯಿತು. ಆದರೆ ಉಳಿದ ಮದ್ದಿನ ಅಂಶ ಕಾಯಿಸಿದರೂ ಹೋಗುವುದಿಲ್ಲ ಅಂದಿರಿ. ಅದಕ್ಕೇನು ಮಾಡುವುದು?

ಗೋವೈದ್ಯೆ

ಅದನ್ನು ತಡೆಯಬೇಕಾದವರು ನಾವು, ನೀವಲ್ಲ. ಪ್ರತಿ ಮದ್ದಿನ ಪೆಟ್ಟಿಗೆ ಮೇಲೆ ಕೊನೆಯ ಡೋಸ್ ಆದಮೇಲೆ ಎಷ್ಟು ದಿನ ಹಾಲು ಮಾರಬಾರದು ಅಂತ ಬರೆದಿರುತ್ತದೆ. ಅಷ್ಟು ದಿನ ನಾಲ್ಕೂ ಮೊಲೆಯ ಹಾಲನ್ನು ಬೇರೆ ತೆಗೆಯಬೇಕು. ಟ್ಯೂಬ್ ಹಾಕಿದ್ದು ಒಂದೇ ಮೊಲೆಗೆ, ಉಳಿದ ಮೂರರ ಹಾಲು ಹಾಕಬಹುದು ಅಂದುಕೊಳ್ಳುವವರಿದ್ದಾರೆ. ಮದ್ದು ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ. ಡೋಸ್ ಜಾಸ್ತಿ ಮಾಡಿದರೆ ಪೆಟ್ಟಿಗೆಯ ಲೆಕ್ಕ ನಡೆಯುವುದಿಲ್ಲ, ಇನ್ನೂ ಹೆಚ್ಚು ದಿನ ಕಾಯಬೇಕು.

ಪೆಟ್ರಿತಟ್ಟೆ

ಡೈರಿಗಳು ಇದಕ್ಕೆ ಪರೀಕ್ಷೆಯನ್ನೂ ಮಾಡುತ್ತವೆ. ಬೆಂಜೈಲ್ ಪೆನಿಸಿಲಿನ್‌ಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಇಟ್ಟಿರುವ ಮಿತಿ ಒಂದು ಕೆಜಿ ಹಾಲಿಗೆ 4 ಮೈಕ್ರೋಗ್ರಾಂ ಮಾತ್ರ. ಒಂದು ಬಗೆಯ ಪರೀಕ್ಷೆ ಹೀಗಿದೆ: ಮದ್ದಿಗೆ ತುಂಬಾ ಬೇಗ ಸಾಯುವ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳನ್ನು ನೇರಳೆ ಬಣ್ಣದ ಜೆಲ್ಲಿಯಲ್ಲಿ ಇಟ್ಟಿರುತ್ತಾರೆ. ಮೇಲೆ ಒಂದೆರಡು ಹನಿ ಹಾಲು ಹಾಕಿ ಸುಮಾರು 64 ಡಿಗ್ರಿಯಲ್ಲಿ ಇಡುತ್ತಾರೆ. ಹಾಲಿನಲ್ಲಿ ಮದ್ದಿಲ್ಲದಿದ್ದರೆ ಅದು ಬೆಳೆದು ಆಮ್ಲ ಬಿಡುತ್ತದೆ, ನೇರಳೆ ಹಳದಿಯಾಗುತ್ತದೆ. ನೇರಳೆ ನೇರಳೆಯಾಗಿಯೇ ಉಳಿದರೆ ಆ ಹಾಲಿನಲ್ಲಿ ಏನೋ ಇದೆ ಅಂತ ಅರ್ಥ. ಇದು ಹಿಡಿಯುವುದು ಮದ್ದನ್ನು, ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾವನ್ನಲ್ಲ. ಅದಕ್ಕೆ ಬೇರೆಯೇ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಬೇಕು.

ಕೊಟ್ಟಿಗೆ ಗೆಳೆಯ

ಆ ಬೇರೆ ತೆಗೆದ ಹಾಲನ್ನು ಕರುಗಳಿಗೆ ಹಾಕಬಹುದಲ್ವಾ? ಚೆಲ್ಲುವುದಕ್ಕೆ ಹೊಟ್ಟೆ ಉರಿಯುತ್ತದೆ.

ಗೋವೈದ್ಯೆ

ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ. ಆದರೂ ಹಾಕಬೇಡಿ. ಮದ್ದು ಇರುವ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಮದ್ದಿಗೆ ಜಗ್ಗದ ಇ. ಕೋಲೈ ಜಾಸ್ತಿಯಾಗುತ್ತದೆ. 2017ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ವಿವರವಾಗಿ ಪರಿಶೀಲಿಸಿ ಅದೇ ಹೇಳಿತು. ಸ್ವಲ್ಪ ಸ್ವಲ್ಪ ಮದ್ದು, ದಿನಾ, ಎಳೆಯ ಕರುಳಿಗೆ. ಜಗ್ಗದ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಸಾಲದಷ್ಟು ಮದ್ದು ಕೊಡುವುದರ ಬಗ್ಗೆ ಎಚ್ಚರಿಸಿದ್ದರು. ಕಾಯಿಸಿ ಕೊಡುತ್ತೇನೆ ಅಂತ ಕೆಲವರು ಕೇಳುತ್ತಾರೆ. ಪೆಟ್ರಿತಟ್ಟೆಯವರು ಮೇಲೆ ಹೇಳಿದರಲ್ಲ, ಕಾಯಿಸಿದರೆ ಬ್ಯಾಕ್ಟೀರಿಯಾ ಹೋಗುತ್ತದೆ, ಮದ್ದು ಉಳಿಯುತ್ತದೆ. ಕರುವಿನ ವಿಷಯದಲ್ಲಿ ತೊಂದರೆ ಕೊಡುವುದೇ ಆ ಉಳಿದ ಮದ್ದು.

ವಿದ್ಯಾರ್ಥಿ

ಬೇರೆ ದೇಶಗಳಲ್ಲಿ ಕಾನೂನು ಇದೆಯಾ?

ಗೋವೈದ್ಯೆ

ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿ 28ರಿಂದ ಹೊಸ ನಿಯಮ ಜಾರಿಯಾಯಿತು. ಕಾಯಿಲೆ ಇಲ್ಲದ ಹಿಂಡಿಗೆ ರೂಢಿಯ ಪ್ರಕಾರ ಆ್ಯಂಟಿಬಯಾಟಿಕ್ ಕೊಡುವ ಹಾಗಿಲ್ಲ. ಕೊಳಕು ಕೊಟ್ಟಿಗೆಯ ತಪ್ಪನ್ನು ಮದ್ದಿನಿಂದ ಮುಚ್ಚುವ ಹಾಗೂ ಇಲ್ಲ. ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಆ್ಯಂಟಿಬಯಾಟಿಕ್‌ಗಳನ್ನು ಪ್ರಾಣಿಗಳಿಗೆ ಪಶುವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, 2023ರ ಜೂನ್‌ನಿಂದ.

ಇದರಿಂದ ಯುರೋಪಿನಲ್ಲಿ ದೊಡ್ಡ ಬದಲಾವಣೆ ಆಗಿರುವುದು ಮುಂದಿನ ಕರು ಹಾಕುವ ಮೊದಲು ಹಾಲು ಬತ್ತಿಸುವ ಹೊತ್ತಿನಲ್ಲಿ. ಮೊದಲು ಬತ್ತಿಸುವಾಗ ಎಲ್ಲ ಹಸುವಿನ ನಾಲ್ಕೂ ಮೊಲೆಗೆ ಆ್ಯಂಟಿಬಯಾಟಿಕ್ ಟ್ಯೂಬ್ ಹಾಕುತ್ತಿದ್ದರು. ಈಗ ಸೋಂಕು ಇರುವ ಹಸುವಿಗೆ ಮಾತ್ರ. ಉಳಿದವುಗಳಿಗೆ ಬಿಸ್ಮತ್ ಉಪ್ಪಿನ ಪೇಸ್ಟ್ ಹಾಕಿ ಮೊಲೆತೊಟ್ಟಿನ ದಾರಿ ಮುಚ್ಚುತ್ತಾರೆ. ಅದರಲ್ಲಿ ಆ್ಯಂಟಿಬಯಾಟಿಕ್ ಇರುವುದಿಲ್ಲ. ಸೋಂಕು ಇದೆಯೋ ಇಲ್ಲವೋ ಗೊತ್ತಾಗಲು ಹಾಲಿನಲ್ಲಿರುವ ದೇಹಕಣಗಳನ್ನು ಎಣಿಸುತ್ತಾರೆ. ಮಿಲಿಲೀಟರ್‌ಗೆ 2 ಲಕ್ಷಕ್ಕಿಂತ ಕಡಿಮೆ ಇದ್ದರೆ ಕೆಚ್ಚಲು ಬಹುಮಟ್ಟಿಗೆ ಚೆನ್ನಾಗಿದೆ ಅಂತ ಲೆಕ್ಕ.

ಕೊಟ್ಟಿಗೆ ಗೆಳೆಯ

ಅಂಥ ಎಣಿಕೆ ಯಂತ್ರ ನನ್ನ ಹತ್ತಿರ ಎಲ್ಲಿಂದ ಬರಬೇಕು ಡಾಕ್ಟ್ರೇ.

ಗೋವೈದ್ಯೆ

ಯಂತ್ರ ಬೇಡ. ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್ ಎಂಬ ಕೆಚ್ಚಲು ಬಾವಿನ ಪರೀಕ್ಷೆಯ ಕಿಟ್ ಇದ್ದರೆ ಸಾಕು. 1957ರಲ್ಲಿ ಬಂದ ಪರೀಕ್ಷೆ, ಇವತ್ತಿಗೂ ಇದರಷ್ಟು ಉಪಕಾರಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ನಾಲ್ಕು ಬಟ್ಟಲಿರುವ ಒಂದು ಹಲಗೆ ಇರುತ್ತದೆ. ಮೊದಲ ಒಂದೆರಡು ಧಾರೆ ಬೇರೆ ಪಾತ್ರೆಗೆ ತೆಗೆದು, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಸ್ವಲ್ಪ ಕರೆಯಿರಿ. ಅಷ್ಟೇ ದ್ರಾವಣ ಹಾಕಿ ಹಲಗೆಯನ್ನು ಮೆಲ್ಲಗೆ ಸುತ್ತು ತಿರುಗಿಸಿ. ಅದು ಒಂದು ಬಗೆಯ ಸೋಪಿನ ದ್ರಾವಣ. ದೇಹಕಣಗಳನ್ನು ಒಡೆದು ಒಳಗಿನ ಡಿಎನ್‌ಎ ಹೊರಗೆ ತರುತ್ತದೆ. ಹಾಲು ಚೆನ್ನಾಗಿದ್ದರೆ ನೀರಿನಂತೆ ಓಡಾಡುತ್ತದೆ. ಸೋಂಕಿದ್ದರೆ ಹತ್ತು ಸೆಕೆಂಡಿನಲ್ಲೇ ಲೋಳೆ ಕಟ್ಟುತ್ತದೆ, ಜೋರಾಗಿದ್ದರೆ ಬಟ್ಟಲಿನ ನಡುವೆ ಮುದ್ದೆಯಾಗಿ ಎದ್ದು ನಿಲ್ಲುತ್ತದೆ. ಗರಣೆ ಕಾಣದ, ಕೆಚ್ಚಲು ಊದದ ಬಾವೂ ಇದರಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಆ ಹಸುವಿನಿಂದ ಬೇರೆ ಎಷ್ಟಕ್ಕೆ ಹರಡಿದೆ ಅಂತ ನೋಡಲು ಇಡೀ ಹಿಂಡಿಗೆ ಮಾಡಿ.

ಹರಡದಂತೆ ಮಾಡುವುದೂ ನಿಮ್ಮ ಕೈಯಲ್ಲೇ ಇದೆ. ಚೆನ್ನಾಗಿರುವ ಹಸುಗಳನ್ನು ಮೊದಲು ಕರೆಯಿರಿ, ಈ ಹಸುವನ್ನು ಕೊನೆಗೆ. ಒಂದೇ ಬಟ್ಟೆಯಲ್ಲಿ ಎಲ್ಲದರ ಕೆಚ್ಚಲು ಒರೆಸಬೇಡಿ. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕರೆದ ಮೇಲೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ತೊಟ್ಟಿನ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಆಗ ಮೇವು ಹಾಕಿ ನಿಲ್ಲಿಸಿಕೊಳ್ಳಿ, ಮಲಗಲು ಬಿಡಬೇಡಿ. ತಪ್ಪಿದ ಒಂದೊಂದು ಬಾವೂ ಹಾಕದೆ ಉಳಿದ ಟ್ಯೂಬ್ ಅಲ್ವಾ? ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ವಿರುದ್ಧ ಹಾಲು ಕರೆಯುವವರು ಮಾಡುವ ಅತಿ ದೊಡ್ಡ ಕೆಲಸ ಇದು. ಇದಕ್ಕೆ ಯಾರೂ ಅವರಿಗೆ ಶಹಬ್ಬಾಸ್ ಹೇಳುವುದಿಲ್ಲ ಎಂಬುದು ನನಗೆ ಬೇಸರ.

ನೇರಮಾತು

ಇದು ಒಪ್ಪಿದೆ ಮೇಡಂ. ನಾನು ಹಾಲು ಕುಡಿಯುವವರ ಕಡೆಯಿಂದ ಮಾತ್ರ ಯೋಚಿಸುತ್ತಿದ್ದೆ. ಮಾದರಿ ಪರೀಕ್ಷೆಯ ಖರ್ಚು ರೈತರೊಬ್ಬರ ತಲೆ ಮೇಲೆ ಬೀಳಬಾರದು ಅಂತಲೂ ಸೇರಿಸುತ್ತೇನೆ. ಲಾಭ ಎಲ್ಲರಿಗೂ ಇದ್ದಮೇಲೆ ಹಾಲು ಕೊಳ್ಳುವ ಡೈರಿಗಳೂ ಸರ್ಕಾರಗಳೂ ಹೊರಬೇಕು.

ಗೋವೈದ್ಯೆ

ನೂರಕ್ಕೆ ನೂರು ಒಪ್ಪುತ್ತೇನೆ.

ಕೊಟ್ಟಿಗೆ ಗೆಳೆಯ

ಸರಿ ಡಾಕ್ಟ್ರೇ, ಮಾದರಿ ಕಳಿಸುತ್ತೇನೆ. ಹೇಗೆ ತೆಗೆಯಬೇಕು? ಹಾಲು ಕರೆಯುವ ಬಕೆಟ್‌ನಿಂದ ತೆಗೆದರೆ ಆಗುತ್ತದಾ?

ಪೆಟ್ರಿತಟ್ಟೆ

ಬಕೆಟ್‌ನಿಂದ ಬೇಡವೇ ಬೇಡ. ಅದರಲ್ಲಿ ಸಗಣಿಯದು, ಕೈಯದು, ಪಾತ್ರೆಯದು ಎಲ್ಲ ಬೆಳೆಯುತ್ತದೆ, ಕಾಯಿಲೆ ಯಾವುದರಿಂದ ಅಂತ ನಮಗೆ ಗೊತ್ತಾಗುವುದಿಲ್ಲ. ಟ್ಯೂಬ್ ಹಾಕುವ ಮೊದಲೇ ತೆಗೆಯಿರಿ. ಕೈ ತೊಳೆದುಕೊಳ್ಳಿ, ತೊಟ್ಟು ಒರೆಸಿ ಒಣಗಿಸಿ, ಮೊದಲ ಧಾರೆ ಬಿಡಿ. ಆಮೇಲೆ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಹತ್ತಿ ಕೊಳೆಯಾಗದೆ ಬರುವವರೆಗೂ. ಲ್ಯಾಬಿನವರು ಕೊಟ್ಟ ಶುದ್ಧ ಬಾಟಲಿಯನ್ನು ಓರೆಯಾಗಿ ಹಿಡಿದು, ತೊಟ್ಟಿಗೆ ತಾಗದಂತೆ ಒಂದೆರಡು ಧಾರೆ ಹಿಡಿಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಬ್ಯಾಕ್ಟೀರಿಯಾದ ಹೆಸರಿನ ಜೊತೆಗೆ ಯಾವ ಮದ್ದಿಗೆ ಜಗ್ಗುತ್ತದೆ ಎಂಬ ಪರೀಕ್ಷೆಯನ್ನೂ ಕೇಳಿ.

ಗೋವೈದ್ಯೆ

ಬಾಟಲಿ ಮೇಲೆ ಹಸುವಿನ ಗುರುತು, ಯಾವ ಮೊಲೆ, ಕೊನೆಯ ಟ್ಯೂಬ್ ಯಾವುದು, ಯಾವತ್ತು ಹಾಕಿದ್ದು, ಇಷ್ಟು ಬರೆಯಿರಿ. ಮದ್ದು ಹಾಕಿ ಹೆಚ್ಚು ದಿನ ಆಗಿರದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ತಟ್ಟೆಯಲ್ಲಿ ಬೆಳೆಯದೆ ಹೋಗಬಹುದು, ಅದಕ್ಕೆ ಆ ತಾರೀಖು ಮುಖ್ಯ. ವರದಿ ಬಂದಮೇಲೆ ನಿಮ್ಮ ವೈದ್ಯರಿಗೆ ತೋರಿಸಿ, ಇಲ್ಲೂ ಹಾಕಿ.

ಕೊಟ್ಟಿಗೆ ಗೆಳೆಯ

ಹಾಕುತ್ತೇನೆ. ಅಲ್ಲಿಯವರೆಗೆ ಆ ಮೊಲೆಗೆ ಟ್ಯೂಬ್ ಮುಟ್ಟಿಸುವುದಿಲ್ಲ.